ಶಿಕಾಗೋದಾಗ ರೇಟ್ ಏರಿದ್ರ ಹಾವೇರಿ ಎಪಿಎಂಸಿಯಾಗ ಯಾಕ ಏರೂದಿಲ್ಲ?

ಪ್ರಶ್ನೆ: "ಸರ್, ನಮಸ್ಕಾರ. ನಮ್ಮದು ಸವಣೂರು ತಾಲೂಕು. ಆರು ಎಕರೆ ಗೋವಿನಜೋಳ (ಮೆಕ್ಕೆಜೋಳ) ಹಾಕಿದ್ವಿ. ತೆನಿ ಮುರದು ಗುಡ್ಡಿ ಹಾಕಿ ಮೊನ್ನೆ ಮಷೀನಿಗೆ ಹಾಕ್ಸಿದ್ವಿ, ಸುಮಾರು 130 ಕ್ವಿಂಟಲ್ ಆಗೈತಿ. ಹಾವೇರಿಗೆ ಸ್ಯಾಂಪಲ್ ಒಯ್ದು ತೋರಿಸಿದ್ರ 18 ಪರ್ಸೆಂಟ್ ಮಾಯಿಶ್ಚರ್ (ತೇವ) ಐತಿ, ಕ್ವಿಂಟಲ್ಲಿಗೆ 1,850 ಕೊಡ್ತೀವಿ, ಒಣಗಿಸಿ 14ಕ್ಕ ತಂದ್ರ 2,000 ಅಂದ್ರು. 2024ರಾಗ 2,400ರ ಮ್ಯಾಲೆ ಮಾರಿದ್ವಿ. ನನ್ನ ಮೈದುನ ಮೊಬೈಲ್‌ನ್ಯಾಗ ಒಂದ್ ವಿಡಿಯೋ ತೋರಿಸ್ತಾನ, ಯುದ್ಧದಿಂದ ಜಗತ್ತಿನ್ಯಾಗ ಕಾಳಿಗೆ ಬರ ಬಂದೈತಿ, 3,000 ಆಗ್ತೈತಿ, ಯಾರೂ ಮಾರಬ್ಯಾಡ್ರಿ ಅಂತ. ಮರುದಿನ ಇನ್ನೊಂದ್ ಬರ್ತೈತಿ, ಅಮೆರಿಕಾದ ಗೋವಿನಜೋಳ ಬರಾಕತ್ತೈತಿ, ಲಗೂನ ಮಾರ್ರಿ ಅಂತ. ಮಾವಾರು ಅಂತಾರ ಇದೆಲ್ಲಾ ದಲಾಲರ ಆಟ ಅಂತ. ಬೀಜ ಗೊಬ್ಬರದ ಸಾಲ ಸ್ವಲ್ಪ ಸೊಸೈಟಿದು, ಸ್ವಲ್ಪ ಕೈಗಡ ಐತಿ. ಜಗತ್ತಿನ ರೇಟಿಗೂ ನಮ್ಮ ರೇಟಿಗೂ ಖರೇನ ಸಂಬಂಧ ಐತೇನ್ರೀ? ಇಟ್ಕೋಬೇಕಾ, ಮಾರಬೇಕಾ? ಮುಂದಿನ ವರ್ಷ ಮತ್ತ ಇದನ್ನ ಹಾಕೂದಾ?"

ಉತ್ತರ: ಅಕ್ಕಾರ, ನಿಮ್ಮ ಪ್ರಶ್ನೆ ಬಾಳ ಸ್ಪಷ್ಟ ಐತಿ, ಅಂಕಿ ಕೊಟ್ಟು ಕೇಳೀರಿ, ಅದಕ್ಕ ನಾನೂ ಅಂಕಿ ಹಿಡದ ಹೇಳ್ತೀನಿ. ಸಂಬಂಧ ಐತಿ. ಆದ್ರ ಆ ವಿಡಿಯೋದವ್ರು ಹೇಳೂ ಹಂಗ ಇವತ್ತ ಅಲ್ಲಿ ಏರಿತು ನಾಳೆ ಇಲ್ಲಿ ಏರಿತು ಅನ್ನೂ ಸಂಬಂಧ ಅಲ್ಲ. ಧಾನ್ಯದ ಮಾರ್ಕೆಟ್ಟಿನ ಕೆಲಸದಾಗ ಇದ್ದಾಂವ ನಾನು, ಪ್ರತಿ ವರ್ಷ ಸುಗ್ಗಿಗೆ ಈ ಪ್ರಶ್ನೆ ಬರ್ತೈತಿ, ಈ 2025ರ ಸುಗ್ಗಿಗಂತೂ ದಿನಾ ಬರಾಕತ್ತೈತಿ, ಯಾಕಂದ್ರ ಬೆಂಬಲ ಬೆಲೆ 2,400 ಅಂತ ಘೋಷಣೆ ಆಗಿ ಪ್ಯಾಟ್ಯಾಗ 1,600-1,800ಕ್ಕ ಮಾರಿದವ್ರು ನಮ್ಮ ಜಿಲ್ಲಾದಾಗ ಎಷ್ಟೋ ಮಂದಿ ಅದಾರ. ಲಕ್ಷ್ಮೇಶ್ವರದಾಗ ನವೆಂಬರ್‌ನ್ಯಾಗ ರೈತರು ಧರಣಿ ಕುಂತಿದ್ದೂ ಇದಕ್ಕ.

ಮೊದಲ ಯುದ್ಧದ ವಿಡಿಯೋ ನೋಡೂಣು. ಅದು ಪೂರ್ತಿ ಸುಳ್ಳಲ್ಲ, ಹಳೇ ಖರೆ. 2022ರ ಫೆಬ್ರವರಿಯಾಗ ರಷ್ಯಾ ಉಕ್ರೇನ್ ಮ್ಯಾಲೆ ದಾಳಿ ಮಾಡಿದಾಗ ಕಪ್ಪು ಸಮುದ್ರದ ಬಂದರು ಬಂದ್ ಆದ್ವು, ಉಕ್ರೇನ್‌ದಾಗ ಕಾಳು ಇತ್ತು ಆದ್ರ ಹಡಗ ಹೊರಗ ಬರೂ ಹಂಗ ಇರಲಿಲ್ಲ. ಮಾರ್ಚ್‌ನ್ಯಾಗ ಜಗತ್ತೆಲ್ಲಾ ಕಾಳಿನ ರೇಟಿಗೆ ನೋಡೂ ಅಮೆರಿಕಾದ ಶಿಕಾಗೋ ಪ್ಯಾಟ್ಯಾಗ ಗೋಧಿ ಬುಶೆಲ್ಲಿಗೆ (ಅದು ಅಲ್ಲಿಯ ಕಾಳಿನ ಅಳತಿ) 12 ಡಾಲರ್ ದಾಟಿತು, ಏಪ್ರಿಲ್‌ನ್ಯಾಗ ಗೋವಿನಜೋಳ 8 ಡಾಲರ್ ಮುಟ್ಟಿತು. ನಮ್ಮ ದೇಶದಾಗೂ ಬಿಸಿ ತಟ್ಟಿತು, ಮೇ 13ಕ್ಕ ಸರ್ಕಾರ ಗೋಧಿ ರಫ್ತು ನಿಲ್ಲಿಸ್ತು. ಇಷ್ಟು ಖರೆ. ಆಮ್ಯಾಲೆ ಏನಾತು ಅನ್ನೂದನ್ನ ವಿಡಿಯೋದವ್ರು ಹೇಳೂದಿಲ್ಲ. ಅದ ಜುಲೈದಾಗ ವಿಶ್ವಸಂಸ್ಥೆ ಮತ್ತ ಟರ್ಕಿ ನಡಬರಕ ನಿಂತು ಹಡಗಿಗೆ ದಾರಿ ಮಾಡಿಸಿದ್ವು, ಒಂದ್ ವರ್ಷದ ಮ್ಯಾಲೆ ರಷ್ಯಾ ಆ ಒಪ್ಪಂದದಿಂದ ಹೊರಗ ಬಂತು, ಆವಾಗ ಎಲ್ಲಾರೂ ರೇಟ್ ಮತ್ತ ಹಾರ್ತೈತಿ ಅಂದ್ರು, ಆದ್ರ ಅಷ್ಟೊತ್ತಿಗೆ ಬ್ರೆಜಿಲ್‌ದಾಗ ಭರ್ಜರಿ ಬೆಳೆ ಬಂದು ಅದು ರಫ್ತಿನ್ಯಾಗ ಅಮೆರಿಕಾನ್ನೂ ದಾಟಿತ್ತು. 2024ರ ಆಗಸ್ಟಿನ್ಯಾಗ ಶಿಕಾಗೋ ಗೋವಿನಜೋಳ 4 ಡಾಲರಿಗಿಂತ ಕೆಳಗ ಬಿದ್ದಿತ್ತು, ಅಂದ್ರ ಎರಡು ವರ್ಷದ ಹಿಂದಿನ ಅರ್ಧದಷ್ಟು. ಯುದ್ಧ ನಿಂತಿತ್ತೇನು? ಇಲ್ಲ, ನಡದ ಇತ್ತು. ಅಂದ್ರ ಯುದ್ಧ ರೇಟ್ ಏರಸೂದಿಲ್ಲ, ಕಾಳು ಬೇಕಾದವರಿಗೆ ಮುಟ್ಟದ ಹ್ವಾದ್ರ ರೇಟ್ ಏರ್ತೈತಿ, ಬ್ಯಾರೆ ಕಡೆಯಿಂದ ಮುಟ್ಟಾಕ ಶುರು ಆದ್ರ ಇಳೀತೈತಿ. ಈಗ 2025ರಾಗ ಅಮೆರಿಕಾದಾಗ 42 ಕೋಟಿ ಟನ್ ಮೀರಿ ಗೋವಿನಜೋಳ ಬಂದೈತಿ, ಅವರ ದಾಖಲೆ ಬೆಳೆ ಅದು. ಇಂಥಾ ವರ್ಷ "ಜಗತ್ತಿನ್ಯಾಗ ಬರ" ಅನ್ನೂ ಮಾತು ನಂಬಿ ಚೀಲ ಹಿಡ್ಕೊಂಡು ಕೂಡೂದು ಬ್ಯಾಡ.

ಇಲ್ಲಿ ಒಂದ್ ಮಾತು ತಿಳ್ಕೊಂಡ್ರ ಉಳಿದದ್ದೆಲ್ಲಾ ಸಲೀಸ ಆಗ್ತೈತಿ. ಕಾಳಿನ ಪ್ಯಾಟ್ಯಾಗ ಮಾಲು ಸ್ವಲ್ಪ ಕಡಿಮಿ ಆದ್ರ ರೇಟ್ ಸ್ವಲ್ಪ ಏರೂದಿಲ್ಲ, ಬಾಳ ಏರ್ತೈತಿ, ಹಂಗ ಸ್ವಲ್ಪ ಹೆಚ್ಚಾದ್ರ ಬಾಳ ಬೀಳ್ತೈತಿ. ಯಾಕ? ಟಿವಿ, ಬೈಕ್ ತುಟ್ಟಿ ಆದ್ರ ಮಂದಿ ಮುಂದಿನ ವರ್ಷ ತಗೊಂಡ್ರಾತು ಅಂತ ಬಿಡ್ತಾರ. ಕಾಳು ಹಂಗಲ್ಲ, ಮನುಷ್ಯಾ ಉಣ್ಣಬೇಕು, ಶೆಡ್ಡಿನ್ಯಾಗಿನ ಕೋಳಿಗೆ ಇವತ್ತ ಹಾಕಾಕಬೇಕು, ರೇಟ್ ಎಷ್ಟಾದ್ರೂ ಖರೀದಿ ನಿಲ್ಲೂದಿಲ್ಲ. ಇನ್ನೊಂದ್ ಕಡೆ ರೈತ ಬಿತ್ತಿ ಮುಗಿಸಿದ ಮ್ಯಾಲೆ ರೇಟ್ ಎಷ್ಟ ಏರಿದ್ರೂ ಆ ವರ್ಷಕ್ಕ ಒಂದ್ ಚೀಲ ಹೆಚ್ಚಿಗೆ ತರಾಕ ಬರೂದಿಲ್ಲ. ಎರಡೂ ಕಡೆ ಬಿಗಿ ಇದ್ದಾಗ ಒತ್ತಡ ಎಲ್ಲಾ ರೇಟಿನ ಮ್ಯಾಲೆ ಬೀಳ್ತೈತಿ. 2012ರಾಗ ಅಮೆರಿಕಾದಾಗ ಬರಗಾಲ ಬಿತ್ತು, ಅಲ್ಲಿಯ ಗೋವಿನಜೋಳದ ಬೆಳೆ ಹಿಂದಿನ ವರ್ಷಕ್ಕಿಂತ ನೂರಕ್ಕ ಹದಿಮೂರರಷ್ಟು ಕಡಿಮಿ ಆತು, ಅಷ್ಟಕ್ಕ ಜೂನ್‌ದಿಂದ ಆಗಸ್ಟ್‌ದೊಳಗ ರೇಟ್ ಅರ್ಧಕ್ಕಿಂತ ಹೆಚ್ಚು ಏರಿ 8 ಡಾಲರ್ ದಾಟಿತ್ತು.

ಮತ್ತ ಇನ್ನೊಂದು. ಜಗತ್ತಿನ್ಯಾಗ ವರ್ಷಕ್ಕ ಸುಮಾರು 120 ಕೋಟಿ ಟನ್ ಗೋವಿನಜೋಳ ಬೆಳೀತಾರ, ಆದ್ರ ದೇಶದಿಂದ ದೇಶಕ್ಕ ಹೋಗೂದು 20 ಕೋಟಿ ಟನ್ ಆಜುಬಾಜು. ಉಳಿದದ್ದು ಬೆಳೆದ ದೇಶದಾಗ ಮುಗೀತೈತಿ. ಅಕ್ಕಿಯಾಗ ಇನ್ನೂ ಕಡಿಮಿ, ಬೆಳೆದದ್ದರಾಗ ಹತ್ತನೇ ಒಂದ್ ಪಾಲು ಅಷ್ಟ ಹಡಗ ಹತ್ತೂದು, ಅದರಾಗ ಹೆಚ್ಚೂ ಕಡಿಮಿ ನೂರಕ್ಕ ನಲವತ್ತು ನಮ್ಮ ಭಾರತದ್ದ. ಅದಕ್ಕ 2008ರಾಗ ನಾವು, ವಿಯೆಟ್ನಾಂದವ್ರು ಎಲ್ಲಾ ರಫ್ತಿಗೆ ಬಾಗಲಾ ಹಾಕಿದ ಕೂಡಲೇ ಥೈಲ್ಯಾಂಡ್ ಅಕ್ಕಿ ಟನ್ನಿಗೆ 1,000 ಡಾಲರ್ ದಾಟಿತ್ತು. ಆ ವರ್ಷ ಜಗತ್ತಿನ್ಯಾಗ ಅಕ್ಕಿ ಬೆಳೆ ಹಾಳಾಗಿರಲಿಲ್ಲ ನೋಡ್ರಿ, ಅಂಜಿಕಿಯಿಂದ ಎಲ್ಲಾರೂ ಮುಚ್ಚಿಟ್ಟಿದ್ದಕ್ಕ ಏರಿದ್ದು. ದಾಸ್ತಾನಿಂದೂ ಹಂಗ. ಜಗತ್ತಿನ ಗೋವಿನಜೋಳದ ದಾಸ್ತಾನಿನ್ಯಾಗ ಅರ್ಧಕ್ಕಿಂತ ಹೆಚ್ಚು ಚೀನಾದ ಗೋದಾಮಿನ್ಯಾಗ ಐತಿ, ಅದನ್ನ ಅವ್ರು ಹೊರಗ ಮಾರೂದಿಲ್ಲ. ಅದಕ್ಕ ಪೇಪರ್‌ನ್ಯಾಗ "ಜಗತ್ತಿನ ದಾಸ್ತಾನು ಇಷ್ಟು" ಅಂತ ಬಂದ್ರ ಅಷ್ಟೂ ಪ್ಯಾಟಿಗೆ ಬರೂ ಮಾಲು ಅಂತ ತಿಳೀಬ್ಯಾಡ್ರಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೂಣು, ಶಿಕಾಗೋದಿಂದ ಹಾವೇರಿಗೆ. ಇದನ್ನ ನೀವ ಲೆಕ್ಕಾ ಮಾಡಬಹುದು, ಮೈದುನಗೂ ಮಾಡಾಕ ಹಚ್ಚರಿ. ಒಂದ್ ಬುಶೆಲ್ ಗೋವಿನಜೋಳ ಅಂದ್ರ 25.4 ಕೇಜಿ. ಬುಶೆಲ್ಲಿಗೆ 4 ಡಾಲರ್ 40 ಸೆಂಟ್, ಡಾಲರಿಗೆ 90 ರೂಪಾಯಿ ಅಂತ ಹಿಡದ್ರ 25.4 ಕೇಜಿಗೆ 396 ರೂಪಾಯಿ, ಕ್ವಿಂಟಲ್ಲಿಗೆ ಸುಮಾರು 1,560. ಅಮೆರಿಕಾದ ಪ್ಯಾಟ್ಯಾಗ ಇದು ರೇಟ್. ಅಲ್ಲಿಂದ ಬಂದರಿಗೆ ಬಂದು ಹಡಗ ತುಂಬಿ ವಿಯೆಟ್ನಾಂ ಮುಟ್ಟೂದ್ರಾಗ ಟನ್ನಿಗೆ 245 ಡಾಲರ್ ಆಜುಬಾಜು, ಅಂದ್ರ ಕ್ವಿಂಟಲ್ಲಿಗೆ 2,200 ಆತು ಅಂತ ಹಿಡೀರಿ. ನಮ್ಮ ಮಾಲು ವಿಯೆಟ್ನಾಂದಾಗೋ ಬಾಂಗ್ಲಾದಾಗೋ ಮಾರಾಟ ಆಗಬೇಕಂದ್ರ ಅಲ್ಲಿ ಅದ 2,200ಕ್ಕ ನಿಲ್ಲಬೇಕು. ಅದರಾಗ ನಮ್ಮ ಬಂದರಿಂದ ಹಡಗಿನ ಬಾಡಿಗೆ ಒಂದ್ 300, ಹಾವೇರಿಯಿಂದ ಬಂದರಿಗೆ ಲಾರಿ 150-200, ಚಾಳಣಿ ಹಿಡಿಯೂದು, ಚೀಲ, ಹಮಾಲಿ, ಬಡ್ಡಿ, ರಫ್ತು ಮಾಡಾಂವನ ಲಾಭ ಎಲ್ಲಾ ಕೂಡಿ 100-125 ತಗದ್ರ ಉಳಿಯೂದು ಸುಮಾರು 1,600. ಇದು ಅಂದಾಜಿನ ಲೆಕ್ಕ, ಐವತ್ತು ನೂರು ಆಕಡೆ ಈಕಡೆ ಆಗ್ತೈತಿ, ಆದ್ರ ಅರ್ಥ ಇಷ್ಟ: ಇಲ್ಲಿ ರೇಟ್ 1,600ರ ಸನೇಕ ಬಂದ್ರ ರಫ್ತಿನವ್ರು ಖರೀದಿಗೆ ಇಳೀತಾರ, ಅದಕ್ಕಿಂತ ಬಾಳ ಕೆಳಗ ಬೀಳಾಕ ಅವರು ಬಿಡೂದಿಲ್ಲ. ಅದು ನೆಲ. ಜಗತ್ತಿನ ರೇಟ್ ನಮಗ ಮೊದಲ ಕಾಣೂದು ಅಲ್ಲೇ.

ಇನ್ನ ಚಾವಣಿ. ಇಲ್ಲಿ ರೇಟ್ ಎಷ್ಟರ ತನಕ ಏರಬಹುದು? ಹೊರಗಿಂದ ತರಿಸಿದ್ರ ಎಷ್ಟಕ್ಕ ಬೀಳ್ತೈತೋ ಅಲ್ಲಿ ತನಕ. ಅದ 2,200ಕ್ಕ ನಮ್ಮಲ್ಲಿ ಗೋವಿನಜೋಳಕ್ಕ 50 ಪರ್ಸೆಂಟ್ ಆಮದು ಸುಂಕ ಕೂಡಿದ್ರ 3,300. ಸರ್ಕಾರ ಕಡಿಮಿ ಸುಂಕಕ್ಕ ಬಿಡೂ ಐದು ಲಕ್ಷ ಟನ್ನಿನ ಕೋಟಾದಾಗ ತರಿಸಿದ್ರ ಸುಂಕ 15 ಪರ್ಸೆಂಟ್, ಅಂದ್ರ 2,500 ಚಿಲ್ಲರೆ. ಮ್ಯಾನ್ಮಾರ್‌ದಿಂದ ಬಂದ್ರ ಸುಂಕನ ಇಲ್ಲ. 2024ರಾಗ ಇಲ್ಲಿ ರೇಟ್ 2,400 ದಾಟಿದಾಗ ಆದದ್ದು ಅದ, ಮ್ಯಾನ್ಮಾರ್ ಮತ್ತ ಉಕ್ರೇನ್ ಕಡೆಯಿಂದ ಹಡಗ ಬಂದ್ವು, ವರ್ಷ ವರ್ಷ ಲಕ್ಷಗಟ್ಟಲೆ ಟನ್ ರಫ್ತು ಮಾಡೂ ನಮ್ಮ ದೇಶ ಆ ವರ್ಷ ತರಿಸಿಕೊಳ್ಳೂ ದೇಶ ಆತು. ಅದಕ್ಕ 3,000 ಆಗ್ತೈತಿ ಅನ್ನಾಂವನ್ನ ಕೇಳ್ರಿ, 2,500ಕ್ಕ ಹಡಗ ಬರೂದಿದ್ರ 3,000 ಕೊಟ್ಟು ಯಾರು ತಗೋತಾರ ಅಂತ.

ಅಮೆರಿಕಾದ ಗೋವಿನಜೋಳ ಬಂದು ನಮ್ಮ ರೇಟ್ ಬಿತ್ತು ಅನ್ನೂದೂ ಸುಳ್ಳ. ಅಲ್ಲಿಯ ಗೋವಿನಜೋಳ ಹೆಚ್ಚೂ ಕಡಿಮಿ ಎಲ್ಲಾ ಕುಲಾಂತರಿ ಬೀಜದ್ದು, ಅಂಥಾದ್ದಕ್ಕ ನಮ್ಮ ದೇಶದಾಗ ಪರವಾನಗಿ ಇಲ್ಲ. ನಮಗ ಮಾರಬೇಕಂತ ಅವರು ಜಗ್ಗಾಡಾಕತ್ತಿದ್ದು ಖರೆ, ನಾಳೆ ಬಾಗಲಾ ತಗದ್ರ ನಮ್ಮ ಚಾವಣಿ ಕೆಳಗ ಇಳೀತೈತಿ ಅನ್ನೂದೂ ಖರೆ, ಆ ಸುದ್ದಿ ಮ್ಯಾಲೆ ಕಣ್ಣಿಡಬೇಕು. ಆದ್ರ ನಿಮಗ 1,850 ಕೇಳಿದ್ದಕ್ಕ ಅದು ಕಾರಣ ಅಲ್ಲ.

ಹಂಗಾದ್ರ ಕಾರಣ ಏನು? ನೆಲ 1,600, ಚಾವಣಿ 2,500, ನಡುವ 900 ರೂಪಾಯಿ ಜಾಗಾ ಐತಲ್ಲ, ಅದರಾಗ ರೇಟ್ ಎಲ್ಲಿ ನಿಲ್ಲಬೇಕು ಅನ್ನೂದನ್ನ ನಮ್ಮ ದೇಶದ ಬೆಳೆ ಮತ್ತ ನಮ್ಮ ದೇಶದ ಬೇಡಿಕಿನ ಹೇಳ್ತಾವ. ನಮ್ಮ ಗೋವಿನಜೋಳದಾಗ ಅರ್ಧಕ್ಕಿಂತ ಹೆಚ್ಚು ಕೋಳಿ ಮತ್ತ ದನದ ಫೀಡಿಗೆ ಹೋಗ್ತಿತ್ತು, ನಮ್ಮ ಕಡೆಯಿಂದ ಲಾರಿ ತಮಿಳುನಾಡಿನ ನಾಮಕ್ಕಲ್ ಕೋಳಿ ಫಾರ್ಮಿನ ಕಡೆ ಹೋಗೂದು ನೀವು ನೋಡೀರಿ. ಆಮ್ಯಾಲೆ ಸ್ಟಾರ್ಚ್ ಫ್ಯಾಕ್ಟರಿ. ಈ ಎರಡರ ಬೇಡಿಕಿ ವರ್ಷ ವರ್ಷ ಸಾವಕಾಶ ಏರ್ತಿತ್ತು, ಬೆಳೆನೂ ಹಂಗ. ನಡಬರಕ ಬಂದದ್ದು ಪೆಟ್ರೋಲಿಗೆ ಬೆರೆಸೂ ಇಥೆನಾಲ್. 2023ರ ಜುಲೈದಾಗ ಡಿಸ್ಟಿಲರಿಗೆ ಸರ್ಕಾರದ ಅಕ್ಕಿ ಕೊಡೂದು ನಿಲ್ಲಿಸಿದ್ರು, ಡಿಸೆಂಬರ್‌ನ್ಯಾಗ ಕಬ್ಬಿನ ಹಾಲಿಂದ ಇಥೆನಾಲ್ ಮಾಡೂದಕ್ಕ ಕಡಿವಾಣ ಹಾಕಿದ್ರು, ಯಾಕಂದ್ರ ಮಳಿ ಕಡಿಮಿ ಆಗಿ ಸಕ್ಕರಿ, ಅಕ್ಕಿ ಎರಡೂ ಚಿಂತಿ ಆಗಿದ್ವು. ಆವಾಗ ಎಲ್ಲಾರೂ ಗೋವಿನಜೋಳದ ಕಡೆ ತಿರುಗಿದ್ರು, ಅದರ ಇಥೆನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಅಂತ ರೇಟೂ ಮಾಡಿದ್ರು. ಒಂದ್ ಕ್ವಿಂಟಲ್ ಗೋವಿನಜೋಳಕ್ಕ 38 ಲೀಟರ್ ಬರ್ತೈತಿ, ಲೆಕ್ಕಾ ಹಾಕ್ರಿ, 2,700ರ ಮ್ಯಾಲೆ ಆತು, ಮ್ಯಾಲೆ ಉಳಿದ ಗಸಿ ಒಣಗಿಸಿ ಮಾರಿದ್ದು ಬ್ಯಾರೆ. ಅದಕ್ಕ 2024ರಾಗ ನಿಮಗ 2,400 ಸಿಕ್ತು.

ಆ 2,400 ನೋಡಿ ಏನಾತು ಅನ್ನೂದು ನಿಮ್ಮ ಊರಾಗ ನಿಮಗ ಗೊತ್ತೈತಿ. ಹತ್ತಿ ಹಾಕ್ತಿದ್ದವ್ರು, ಸೋಯಾ ಹಾಕ್ತಿದ್ದವ್ರು ಗೋವಿನಜೋಳ ಬಿತ್ತಿದ್ರು. ನಿಮ್ಮೂರಾಗ ಅಷ್ಟ ಅಲ್ಲ, ಇಡೀ ದೇಶದಾಗ 2025ರ ಮುಂಗಾರಿಗೆ ಸುಮಾರು ಹತ್ತು ಲಕ್ಷ ಹೆಕ್ಟೇರ್ ಹೆಚ್ಚಿಗೆ ಬಿತ್ತನಿ ಆತು. ಅದ ಹೊತ್ತಿಗೆ ಸರ್ಕಾರದ ಗೋದಾಮಿನ್ಯಾಗ ಅಕ್ಕಿ ತುಂಬಿ ತುಳುಕಾಕತ್ತಿತ್ತು, ಡಿಸ್ಟಿಲರಿಗೆ ಕ್ವಿಂಟಲ್ಲಿಗೆ 2,250ಕ್ಕ ಕೊಡಾಕ ಶುರು ಮಾಡಿದ್ರು, 52 ಲಕ್ಷ ಟನ್ ತೆಗೆದಿಟ್ರು. ಅಕ್ಕಿಯಿಂದ ಕ್ವಿಂಟಲ್ಲಿಗೆ ಇಥೆನಾಲ್ ಹೆಚ್ಚು ಬರ್ತೈತಿ, ಅದಕ್ಕ ಅವರೂ ಅಕ್ಕಿಗೆ ಕೈ ಹಾಕಿದ್ರು. ಪೆಟ್ರೋಲ್‌ನ್ಯಾಗ ಬೆರೆಸೂದು 20 ಪರ್ಸೆಂಟ್ ಮುಟ್ಟಿ ಅಲ್ಲೇ ನಿಂತೈತಿ. 2025-26ಕ್ಕ ಎಣ್ಣಿ ಕಂಪನಿಗಳು ಕೇಳಿದ್ದು 1,050 ಕೋಟಿ ಲೀಟರ್, ಡಿಸ್ಟಿಲರಿಯವ್ರು ಕೊಡ್ತೀವಂತ ಬಂದದ್ದು 1,776 ಕೋಟಿ ಲೀಟರ್. ಅಂದ್ರ ಎಷ್ಟೋ ಡಿಸ್ಟಿಲರಿ ಅರ್ಧ ನಡೀತಾವ, ಅವು ಖರೀದಿಗೆ ಗಡಿಬಿಡಿ ಮಾಡೂದಿಲ್ಲ. ಇನ್ನೊಂದ್ ಮಾತು ಯಾರೂ ಹೇಳೂದಿಲ್ಲ, ಇಥೆನಾಲ್ ತಗದ ಮ್ಯಾಲೆ ಒಂದ್ ಕ್ವಿಂಟಲ್ಲಿಗೆ 30 ಕೇಜಿ ಹತ್ರ ಒಣ ಗಸಿ ಉಳೀತೈತಿ, ಅದರಾಗ ಪ್ರೋಟೀನ್ ಜಾಸ್ತಿ, ಅದು ಅಗ್ಗಕ್ಕ ಕೋಳಿ ಫೀಡಿಗೆ ಹೋಗ್ತೈತಿ. ಹಂಗಾಗಿ ಫೀಡ್ ಫ್ಯಾಕ್ಟರಿಯವ್ರು ಸೋಯಾ ಹಿಂಡಿ ಕಡಿಮಿ ಮಾಡಿದ್ರು, ಸ್ವಲ್ಪ ಗೋವಿನಜೋಳನೂ ಕಡಿಮಿ ಮಾಡಿದ್ರು. ನಿಮ್ಮ ಪಕ್ಕದ ಹೊಲದಾಂವ ಸೋಯಾಕ್ಕ ರೇಟ್ ಇಲ್ಲಂತ ಬೈಯಾಕತ್ತಿದ್ರ ಅದಕ್ಕೂ ಇದೊಂದ್ ಕಾರಣ.

ಇಷ್ಟೆಲ್ಲಾ ಕೂಡಿ ರೇಟನ್ನ ಚಾವಣಿಯಿಂದ ನೆಲದ ಕಡೆ ತಂದ್ವು. ನೆಲಕ್ಕ ಬಂದಾಗ ಶಿಕಾಗೋ ರೇಟ್ ಮತ್ತ ಡಾಲರ್ ರೇಟ್ ನಿಮಗ ಲೆಕ್ಕಕ್ಕ ಬರ್ತಾವ, ನೆಲಕ್ಕೂ ಚಾವಣಿಗೂ ನಡುವ ಇದ್ದಾಗ ಅಷ್ಟ ಬರೂದಿಲ್ಲ. ಅದಕ್ಕ ಒಂದೊಂದ್ ವರ್ಷ ಜಗತ್ತಿನ ರೇಟಿಗೂ ನಮ್ಮ ರೇಟಿಗೂ ಸಂಬಂಧನ ಇಲ್ಲ ಅನಸ್ತೈತಿ, ಒಂದೊಂದ್ ವರ್ಷ ಜೊತಿಗೇ ಓಡ್ಯಾಡಿದಂಗ ಕಾಣ್ತೈತಿ.

ಮಾವಾರು ಹೇಳಿದ ದಲಾಲರ ಮಾತು. ಅವರಿಗೆ ಸಿಟ್ಟು ಬರೂದು ತಪ್ಪಲ್ಲ. ಆದ್ರ ದಲಾಲಿ ಅಂಗಡಿಯಾಂವಗ ರೇಟ್ ಇಳಸಿ ಲಾಭ ಇಲ್ಲ, ಅವನ ಕಮಿಷನ್ ರೇಟಿನ ಮ್ಯಾಲೆ ಐತಿ. ನೀವು ಕಣ್ಣಿಡಬೇಕಾದ್ದು ಬ್ಯಾರೆ ಕಡೆ. ಟೆಂಡರ್ ಹಾಕೂ ಖರೀದಿದಾರರು ಎಷ್ಟ ಮಂದಿ ಅನ್ನೂದು ಒಂದು, ಸುಗ್ಗಿ ಜೋರಿದ್ದಾಗ ಅಂಗಳ ತುಂಬಿ ಖರೀದಿ ಮಾಡಾವ್ರು ಕಡಿಮಿ ಬಿದ್ರ ಐವತ್ತು ನೂರು ಅಲ್ಲೇ ಹೋಗ್ತೈತಿ. ಇನ್ನ ಮಾಯಿಶ್ಚರ್. ಮಷೀನ್ ಯಾರ ಕೈಯಾಗ ಐತಿ, ಸ್ಯಾಂಪಲ್ ಚೀಲದ ಮ್ಯಾಲಿಂದ ತಗದಾರೋ ನಡುವಿಂದೋ, ಅಷ್ಟರ ಮ್ಯಾಲೆ ಒಂದೆರಡು ಪರ್ಸೆಂಟ್ ಆಕಡೆ ಈಕಡೆ ಆಗ್ತೈತಿ, ಒಂದ್ ಪರ್ಸೆಂಟ್ ಅಂದ್ರ ನಿಮಗ ಕ್ವಿಂಟಲ್ಲಿಗೆ ಇಪ್ಪತ್ತು ರೂಪಾಯಿ ಮ್ಯಾಲೆ. ಅದಕ್ಕ ಗಾಡಿ ತುಂಬೂದ್ರಕಿಂತ ಮೊದಲ ರಾಶಿಯ ಮ್ಯಾಲೆ, ನಡುವ, ಬುಡದಾಗಿಂದ ಕಾಳು ತಗದು ಕಲಸಿ, ಪ್ಲಾಸ್ಟಿಕ್ ಚೀಲದಾಗ ಬಿಗಿ ಕಟ್ಟಿ ಎರಡು ಅಂಗಡಿಯಾಗ ಮಾಯಿಶ್ಚರ್ ನೋಡಸ್ರಿ. ಚೀಲ ಬಿಗಿ ಇರಲಿಲ್ಲಂದ್ರ ದಾರ್ಯಾಗ ಸ್ಯಾಂಪಲ್ ಒಣಗಿ ಸುಳ್ಳು ನಂಬರ್ ತೋರಿಸ್ತೈತಿ, ಆಮ್ಯಾಲೆ ಮಾಲು ಹ್ವಾದಾಗ ಜಗಳ.

ಈಗ ನಿಮ್ಮ 130 ಕ್ವಿಂಟಲ್. 18 ಮಾಯಿಶ್ಚರ್ ಇದ್ದದ್ದನ್ನ 14ಕ್ಕ ಒಣಗಿಸಿದ್ರ ತೂಕ ಕಡಿಮಿ ಆಗ್ತೈತಿ, ನೂರು ಕೇಜಿ ಇದ್ದದ್ದು 95 ಕೇಜಿ ಚಿಲ್ಲರೆ ಆಗ್ತೈತಿ. ನಿಮ್ಮ 130 ಕ್ವಿಂಟಲ್ 124ಕ್ಕ ಬರ್ತೈತಿ. ಇದ್ದಂಗ ಕೊಟ್ರ 130ಕ್ಕ 1,850ರಂಗ 2,40,500. ಒಣಗಿಸಿ ಕೊಟ್ರ 124ಕ್ಕ 2,000ದಂಗ 2,48,000. ವ್ಯತ್ಯಾಸ 7,500, ಅದರಾಗ ಹರಡೂದು, ತಿರುವೂದು, ಸಂಜಿಗೆ ಮುಚ್ಚೂದು, ಆಳಿನ ಪಗಾರ, ತಾಡಪತ್ರಿ ಖರ್ಚು ತಗದ್ರ ಅರ್ಧ ಉಳೀತೈತಿ. ಒಣ ಮಾಲಿಗೆ ಅವರು 1,940ಕ್ಕಿಂತ ಕಡಿಮಿ ಅಂದಿದ್ರ ನೀವು ಒಣಗಿಸಿ ಕೊಟ್ಟದ್ದು ಪೂರ್ತಿ ಲುಕ್ಸಾನ. 2,000 ಅಂದಾರ ಅಂದ್ರ ಒಣಗಸ್ರಿ, ಅದರ ದೊಡ್ಡ ಲಾಭ ಆ ಮೂರ್ನಾಲ್ಕು ಸಾವಿರ ಅಲ್ಲ, 18 ಇದ್ದದ್ದನ್ನ ಇಡಾಕ ಬರೂದಿಲ್ಲ, 14ರ ಕೆಳಗ ಬಂದ್ರ ಇಡಾಕ ಬರ್ತೈತಿ, ಆವಾಗ ಮಾರೂ ದಿನ ನಿಮ್ಮ ಕೈಯಾಗ ಇರ್ತೈತಿ. ಹಸಿ ಇಟ್ರ ಒಳಗ ಕಾವು ಹಿಡದು ಬೂಷ್ಟು ಬರ್ತೈತಿ, ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೂ ವಿಷ ಆಗ್ತೈತಿ, ಕೋಳಿ ಫೀಡಿನವ್ರು ಅದನ್ನ ಲ್ಯಾಬಿನ್ಯಾಗ ನೋಡಿ ಇಡೀ ಲಾರಿ ತಿರುಗಿ ಕಳಸ್ತಾರ. ನೆಲದ ಮ್ಯಾಲೆ ಹರಡಬ್ಯಾಡ್ರಿ, ಕಣಕ್ಕ ತಾಡಪತ್ರಿ ಹಾಸ್ರಿ, ಮಂಜು ಬೀಳೂದ್ರೊಳಗ ಮುಚ್ಚರಿ.

ಇಡೂದೇನೋ ಖರೆ, ಎಷ್ಟ ದಿನಾ? ಇಲ್ಲಿ ಬಾಳ ಮಂದಿ ತಪ್ಪತಾರ. ಇಟ್ರ ಏರ್ತೈತಿ ಅಂತ ಯುಗಾದಿ ದಾಟಿಸ್ತಾರ. ನಮ್ಮ ಮುಂಗಾರಿ ಮಾಲು ಅಕ್ಟೋಬರ್‌ದಿಂದ ಡಿಸೆಂಬರ್ ತನಕ ಸುರೀತೈತಿ, ಸಂಕ್ರಮಣ ದಾಟಿದ ಮ್ಯಾಲೆ ಆವಕ ಕಡಿಮಿ ಆಗ್ತೈತಿ, ರೇಟ್ ಸುಧಾರಿಸೂದಿದ್ರ ಜನವರಿ ಕಡೀಗೆ, ಫೆಬ್ರವರಿ, ಮಾರ್ಚ್. ಮಾರ್ಚ್-ಏಪ್ರಿಲ್‌ನ್ಯಾಗ ಆಂಧ್ರ, ತೆಲಂಗಾಣದ ಹಿಂಗಾರಿ ಮಾಲು ಬರ್ತೈತಿ, ಏಪ್ರಿಲ್ ಮುಗಿಯೂದ್ರಾಗ ಬಿಹಾರದ್ದು ಶುರು, ಪೂರ್ಣಿಯಾ ಕಡೆ ಗುಲಾಬ್‌ಬಾಗ್ ಅಂತ ದೊಡ್ಡ ಪ್ಯಾಟಿ ಐತಿ, ಅಲ್ಲಿ ಮೇ-ಜೂನ್ ತನಕ ಸುರೀತೈತಿ. ಜೂನ್‌ದಿಂದ ಬ್ರೆಜಿಲ್‌ದ ಎರಡನೇ ಬೆಳೆ ಜಗತ್ತಿನ ಪ್ಯಾಟಿಗೆ ಬರ್ತೈತಿ. ಹಂಗಾಗಿ ನೀವು ಇಟ್ರೂ ಮಾರ್ಚ್ ದಾಟಿಸಬ್ಯಾಡ್ರಿ, ಆಮ್ಯಾಲೆ ನಿಮ್ಮ ಹಳೇ ಮಾಲಿಗೆ ಅವರ ಹೊಸ ಮಾಲಿನ ಜೋಡಿ ಪೈಪೋಟಿ, ಮಳಿಗಾಲ ಸನೇಕ ಬಂದ್ರ ನುಸಿ.

ಇಡೂ ಖರ್ಚು ಲೆಕ್ಕಾ ಮಾಡ್ರಿ. ಗೋದಾಮು ಬಾಡಿಗೆ, ಔಷಧಿ, ಹಮಾಲಿ, ವರ್ಷಕ್ಕ 12 ಪರ್ಸೆಂಟಿನ ಬಡ್ಡಿ ಎಲ್ಲಾ ಹಿಡದ್ರ ಕ್ವಿಂಟಲ್ಲಿಗೆ ತಿಂಗಳಿಗೆ 30-35 ರೂಪಾಯಿ. ಮೂರು ತಿಂಗಳಿಗೆ 100, ತೂಕ ಕಡಿತ, ನುಸಿ ಹಿಡದು ಇನ್ನೊಂದ್ 30. ಅಂದ್ರ ಇವತ್ತ 2,000 ಸಿಗೂದು ಮಾರ್ಚ್‌ನ್ಯಾಗ 2,130 ಸಿಕ್ರ ಸರಿಗೆ ಸರಿ, ಲಾಭ ಅದರ ಮ್ಯಾಲಿಂದು. ಆದ್ರ ನಿಮ್ಮ ಕೈಗಡ ತಿಂಗಳಿಗೆ ನೂರಕ್ಕ ಮೂರರಂಗ ಇದ್ರ ಬರೇ ಬಡ್ಡೀನ ಕ್ವಿಂಟಲ್ಲಿಗೆ ತಿಂಗಳಿಗೆ 60 ಆಗ್ತೈತಿ, ಅಂಥಾ ಸಾಲ ತಲಿ ಮ್ಯಾಲೆ ಇಟ್ಕೊಂಡು ಮಾಲು ಇಡೂದು ಯಾವ ಲೆಕ್ಕಕ್ಕೂ ಕೂಡೂದಿಲ್ಲ.

ಅದಕ್ಕ ನನ್ನ ಸಲಹೆ, ಕೈಗಡ ತೀರೂವಷ್ಟು ಮಾಲು ಒಣಗಿಸಿ ಈಗ ಮಾರ್ರಿ. ಅದು ಅರ್ಧ ಆದ್ರೂ ಆಗಲಿ. ಖರೀದಿ ಕೇಂದ್ರ ತಗದಿದ್ರ 2,400ಕ್ಕ ಎಷ್ಟ ತಗೋತಾರೋ ಅಷ್ಟು ಅಲ್ಲಿ ಕೊಡ್ರಿ, ಒಬ್ಬ ರೈತಗ ಇಂತಿಷ್ಟ ಕ್ವಿಂಟಲ್ ಅಂತ ಮಿತಿ ಇರ್ತೈತಿ, ಫ್ರೂಟ್ಸ್ ಐಡಿಯಾಗ (ಸರ್ಕಾರದ ರೈತರ ನೋಂದಣಿ ನಂಬರ್) ನಿಮ್ಮ ಹೊಲ, ಬೆಳೆ ಸರಿ ಬಂದಿರಬೇಕು, ಬೆಳೆ ಸಮೀಕ್ಷೆಯಾಗ ಗೋವಿನಜೋಳದ ಬದಲಿ ಬ್ಯಾರೆ ಬೆಳೆ ಬರದಿದ್ರ ಅಲ್ಲೇ ನಿಲ್ಲಸ್ತಾರ, ಇವತ್ತ ಹೋಗಿ ನೋಡ್ಕೋರಿ. ಹೊಲ ಮಾವಾರ ಹೆಸರಿಲೆ ಇದ್ರ ಬ್ಯಾಂಕ್ ಖಾತೆನೂ ಅವರದ್ದು, ಆಧಾರ್ ಜೋಡಣೆ ಆದದ್ದು ಬೇಕು. ದುಡ್ಡು ಬರಾಕ ಸ್ವಲ್ಪ ತಡಾ ಆಗಬಹುದು, ಅದಕ್ಕ ಕೈಗಡದ ದುಡ್ಡು ಇದರ ಮ್ಯಾಲೆ ನಂಬಿ ಕೂಡಬ್ಯಾಡ್ರಿ. ಉಳಿದ ಮಾಲು ನೋಂದಣಿ ಆದ ಗೋದಾಮಿನ್ಯಾಗ ಇಟ್ಟು ರಸೀದಿ ಮ್ಯಾಲೆ ಬ್ಯಾಂಕಿನ್ಯಾಗ ಅಡಮಾನ ಸಾಲ ತಗೋಬಹುದು, ಸಣ್ಣ ರೈತರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ರ ಆರು ತಿಂಗಳ ತನಕ ಕಡಿಮಿ ಬಡ್ಡಿಯಾಗ ಸಿಗೂ ಸೌಲಭ್ಯ ಐತಿ, ನಿಮಗ ಸಿಗ್ತೈತೇನು ಬ್ಯಾಂಕಿನ್ಯಾಗ ಕೇಳ್ರಿ. ಇದರಾಗೂ ಅಪಾಯ ಇಲ್ಲಂತಲ್ಲ, ರೇಟ್ ಇನ್ನೂ ಬಿದ್ರ ಸಾಲ ತೀರಸಾಕ ಮಾಲು ಮಾರೂದ ಆಗ್ತೈತಿ. ವಾಯಿದಾ ಪ್ಯಾಟಿ (ಮುಂದಿನ ತಿಂಗಳಿನ ರೇಟನ್ನ ಇವತ್ತ ಕಟ್ಟೂ ವ್ಯವಹಾರ) ಅಂತ ಐತಿ, ಆದ್ರ 130 ಕ್ವಿಂಟಲ್ಲಿಗೆ ಅದರ ಸಹವಾಸ ಬ್ಯಾಡ, ಯಾರರ ಹೇಳಿದ್ರೂ ಬ್ಯಾಡ. ಊರಾಗ ಹತ್ತು ಮನಿ ಕೂಡಿ ಒಂದ ಗುಣಮಟ್ಟದ ಲಾರಿ ಲೋಡ್ ಮಾಡಿದ್ರ ಫೀಡ್ ಫ್ಯಾಕ್ಟರಿಯವ್ರು ನೇರ ಮಾತಾಡ್ತಾರ, ರೈತ ಉತ್ಪಾದಕರ ಸಂಘ ಇದ್ರ ಅವರ ಮೂಲಕ ಕೇಳ್ರಿ, ನಾ ನೋಡಿದ ಮಟ್ಟಿಗೆ ಹೆಚ್ಚಿಗೆ ಸಿಗೂದು ಅಲ್ಲೇ.

ಕಡೀ ಪ್ರಶ್ನೆ, ಮುಂದಿನ ವರ್ಷ ಇದನ್ನ ಹಾಕೂದಾ. ಎಲ್ಲಾರೂ ಈ ರೇಟಿಗೆ ಬೇಸತ್ತು ಬಿಟ್ರ ಮುಂದಿನ ವರ್ಷ ಬೆಳೆ ಕಡಿಮಿ ಆಗಿ ರೇಟ್ ಏರಬಹುದು, ಹಿಂದಿನ ವರ್ಷದ ರೇಟ್ ನೋಡಿ ಬಿತ್ತೂದು ಅಂದ್ರ ಯಾವಾಗ್ಲೂ ಒಂದ್ ವರ್ಷ ಹಿಂದ ಉಳಿಯೂದು. ಆದ್ರ ಏರೇ ಏರ್ತೈತಿ ಅಂತ ಆರೂ ಎಕರೆ ಹಾಕೂದೂ ಬ್ಯಾಡ. ಮೂರು ಎಕರೆಕ್ಕ ಇಳಸ್ರಿ, ಉಳಿದದ್ದಕ್ಕ ತೊಗರಿನೋ ಶೇಂಗಾನೋ ನೋಡ್ರಿ, ಬೆಳೆ ಬದಲಾದ್ರ ಭೂಮಿಗೂ ಚೊಲೋ. ಮತ್ತ ನಿಮ್ಮದು ಕರಿ ಮಣ್ಣಿದ್ದು ಹಿಂಗಾರಿ ತೇವ ಹಿಡಿಯೂದಿದ್ರ ಒಂದೆರಡು ಎಕರೆ ಬಿಳಿಜೋಳ ಇಡ್ರಿ. ಜಗತ್ತಿನ್ಯಾಗ ಜೋಳ ಅಂದ್ರ ಬಾಳ ಕಡೆ ದನದ ಮೇವು, ಫೀಡು, ಅಮೆರಿಕಾದ್ದು ಹೆಚ್ಚಿಗೆ ಚೀನಾ ತಗೋತಿತ್ತು, ಅವರಿಬ್ಬರ ಸುಂಕದ ಜಗಳ ಆದಾಗ ಅಲ್ಲಿ ರೈತರಿಗೆ ಹೊಡೆತ ಬಿತ್ತು. ನಮ್ಮ ಮಾಲದಂಡಿ ತಳಿ ಬಿಳಿಜೋಳಕ್ಕ ಅದರ ಗಾಳಿನೂ ತಾಕಲಿಲ್ಲ, ಯಾಕಂದ್ರ ಅದನ್ನ ರೊಟ್ಟಿ ಮಾಡಿ ತಿನ್ನಾವ್ರು ಧಾರವಾಡ, ಗದಗ, ವಿಜಯಪುರ, ಸೊಲ್ಲಾಪುರ ಕಡೆಯವ್ರ. ಬೆಳಿಯೂದೂ ಇಲ್ಲೇ, ಉಣ್ಣೂದೂ ಇಲ್ಲೇ. ಇಳುವರಿ ಕಡಿಮಿ, ತೆನಿ ಕೊಯ್ಯಾಕ ಆಳು ಸಿಗೂದು ಕಷ್ಟ, ಅದು ಖರೆ, ಆದ್ರ ಕಣಕಿ ದನಕ್ಕ ಆಗ್ತೈತಿ, ಮನಿಗೆ ರೊಟ್ಟಿ ಆಗ್ತೈತಿ. ಬಿತ್ತೂದು ಸೆಪ್ಟೆಂಬರ್-ಅಕ್ಟೋಬರ್‌ನ್ಯಾಗ, ಹಂಗಾಗಿ ಆ ಎರಡು ಎಕರೆದಾಗ ಮುಂಗಾರಿಗೆ ಹೆಸರುಕಾಳು ಹಾಕಿ ತಗದ್ರ ಜೋಳಕ್ಕ ಹೊಲ ಹೊತ್ತಿಗೆ ಸರಿ ಖಾಲಿ ಆಗ್ತೈತಿ.